ಲಿವರ್ ಕ್ಯಾನ್ಸರ್ ರೋಗಿಗೆ ಅರಿಶಿನ, ಕಾಳುಮೆಣಸಿನ ಕಷಾಯ ಕೊಡಬಹುದೇ?

ಹಾಸನದ ನನ್ನ ಚಿಕಿತ್ಸಾಲಯದಲ್ಲಿ ಲಿವರ್ ಕ್ಯಾನ್ಸರ್ ರೋಗಿಗಳ ಮನೆಯವರು ಹಿಂಜರಿಯುತ್ತಲೇ ಕೇಳುತ್ತಾರೆ: "ಡಾಕ್ಟರೇ, ಮಾತ್ರೆಯ ಜೊತೆಗೆ ಅರಿಶಿನದ ಕಷಾಯ ಕೊಡಬಹುದೇ?" ಸಕಲೇಶಪುರದ ಕಡೆಯವರಾದರೆ ತೋಟದ ಕಾಳುಮೆಣಸೂ ಅದರಲ್ಲಿ ಸೇರಿರುತ್ತದೆ. ಕೇಳುವವರೇ ವಾಸಿ. ಹೇಳದೆ ಕೊಡುವವರದೇ ನನಗೆ ಚಿಂತೆ.

ಕೇಳುವುದರಲ್ಲಿ ತಪ್ಪಿಲ್ಲ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ಬಂದದ್ದು. ಆದರೆ ಎಲೆ ಅರೆದು ಕುಡಿಸಿದರೆ ಅದು ಔಷಧಿಯಾಗುವುದಿಲ್ಲ. ಸಾರವನ್ನು ಬೇರ್ಪಡಿಸಿ, ಅಳೆದು, ರಕ್ತನಾಳಕ್ಕೆ ಕೊಡಬೇಕು. ಲಿವರ್ ಕ್ಯಾನ್ಸರ್‌ನ ಮಟ್ಟಿಗೆ ನಮ್ಮ ಮನೆಮದ್ದಿನ ಯಾವ ಸಸ್ಯದ ಸಾರವೂ ಇನ್ನೂ ಆ ಹಂತ ಮುಟ್ಟಿಲ್ಲ. ಅರಿಶಿನದ ಕರ್ಕ್ಯುಮಿನ್, ಮರದರಿಶಿನದ ಬರ್ಬೆರಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತವೆ, ನಿಜ. ಆದರೆ ತಟ್ಟೆಯಲ್ಲಿರುವ ಕೋಶಕ್ಕೆ ಹೊಟ್ಟೆಯೂ ಇಲ್ಲ, ಕರುಳೂ ಇಲ್ಲ.

ಕರ್ಕ್ಯುಮಿನ್ ಸೋಲುವುದು ಅಲ್ಲಿಯೇ. ನುಂಗಿದ್ದರಲ್ಲಿ ರಕ್ತ ಸೇರುವುದು ಅತ್ಯಲ್ಪ. ಕರುಳಿನ ಗೋಡೆ ಮತ್ತು ಲಿವರ್ ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ದಕ್ಕುವ ಪ್ರಮಾಣ ಶೇ 2000ರಷ್ಟು ಏರಿತು. ಇಂದಿಗೂ ಕ್ಯಾಪ್ಸೂಲ್ ಮಾರುವವರೆಲ್ಲ ತೋರಿಸುವುದು ಇದೇ ಅಂಕಿಯನ್ನು. ಅದು ಏರಿದ್ದೇಕೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ: ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ಪೈಪರಿನ್ ತಡೆಹಿಡಿಯುತ್ತದೆ. ಅವುಗಳಲ್ಲೊಂದು, ಲಿವರ್ ಕ್ಯಾನ್ಸರ್‌ಗೆ 2007ರಿಂದ ಬಳಕೆಯಲ್ಲಿರುವ ಸೊರಾಫೆನಿಬ್ ಮಾತ್ರೆಯನ್ನೂ ಒಡೆಯಬೇಕಾದ ಕಿಣ್ವ. ಅಂಗೈ ಅಂಗಾಲಿನ ಉರಿ, ಭೇದಿಗಳಿಂದ ಮೊದಲೇ ಬಳಲುವ ರೋಗಿಯ ರಕ್ತದಲ್ಲಿ ಆ ಮಾತ್ರೆಯ ಮಟ್ಟವೂ ಏರಿದರೆ ಏನು ಗತಿ?

ಇನ್ನು ಲಿವರ್‌ಗೇ ಪೆಟ್ಟು ಬೀಳುವ ಸಂಗತಿ. ಅರಿಶಿನದ ಪೂರಕಗಳಿಂದ ಲಿವರ್ ಕೆಟ್ಟ 10 ಮಂದಿಯ ವಿವರವನ್ನು ಅಮೆರಿಕದ ತಜ್ಞರು 2022ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಯಲ್ಲಿ ಒಂದೇ ಬಗೆಯ ಆನುವಂಶಿಕ ಗುಣ ಇತ್ತು, ಒಬ್ಬರು ಉಳಿಯಲಿಲ್ಲ. ಅದೇ ವರ್ಷ ಭಾರತದ ಹಲವು ಆಸ್ಪತ್ರೆಗಳಿಂದ ಅಮೃತಬಳ್ಳಿ ಸೇವಿಸಿ ಲಿವರ್ ಉರಿಯೂತಕ್ಕೆ ಒಳಗಾದ 43 ಮಂದಿಯ ವರದಿ ಬಂತು. ನಮ್ಮ ಬಹುಪಾಲು ಕ್ಯಾನ್ಸರ್ ರೋಗಿಗಳ ಲಿವರ್ ಮೊದಲೇ ಸಿರೋಸಿಸ್‌ನಿಂದ ಗಟ್ಟಿಯಾಗಿ, ಗಂಟುಗಟ್ಟಿರುತ್ತದೆ. ಇಂತಹ ಇನ್ನೊಂದು ಪೆಟ್ಟನ್ನು ಅದು ತಾಳುವುದಿಲ್ಲ.

ಕಾಮಾಲೆಗೆ ನೆಲನೆಲ್ಲಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. 1988ರಲ್ಲಿ ಮದರಾಸಿನ ಸಂಶೋಧಕರು, ನೆಲನೆಲ್ಲಿ ಸೇವಿಸಿದ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್‌ನ ವಾಹಕರಲ್ಲಿ ಶೇ 59 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯವಾಯಿತೆಂದು ವರದಿ ಮಾಡಿದಾಗ ಎಲ್ಲರೂ ಹುಬ್ಬೇರಿಸಿದ್ದರು. ಬೇರೆಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಈ ವೈರಸ್ಸೇ ಲಿವರ್ ಕ್ಯಾನ್ಸರ್‌ಗೆ ದೊಡ್ಡ ಕಾರಣ. ಅದಕ್ಕೆ ಲಸಿಕೆ ಇದೆ. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಉಳಿದವರೆಲ್ಲರ ರಕ್ತಪರೀಕ್ಷೆ ಮಾಡಿಸುತ್ತೇನೆ.

ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನ, ಮೆಣಸಿಗೆ ನನ್ನ ತಕರಾರಿಲ್ಲ. ಕ್ಯಾಪ್ಸೂಲ್, ಚೂರ್ಣ, ದಿನವೂ ಲೋಟಗಟ್ಟಲೆ ಕುಡಿಯುವ ಕಷಾಯ ಬೇಡ. ಈಗಾಗಲೇ ಕೊಡುತ್ತಿದ್ದರೆ ಡಬ್ಬಿಯನ್ನೋ ಬೇರನ್ನೋ ತಂದು ತೋರಿಸಿ, ಬೈಯುವುದಿಲ್ಲ. ಕಾಫಿಯ ವಿಷಯವನ್ನೂ ತೋಟದವರು ಕೇಳದೆ ಬಿಡುವುದಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅದು ರೋಗ ಬಾರದವರ ಲೆಕ್ಕ; ಬಂದ ಗಡ್ಡೆಯನ್ನು ಕಾಫಿ ಕರಗಿಸುವುದಿಲ್ಲ. ಸಕ್ಕರೆ ಕಡಿಮೆ ಮಾಡಿ ಕುಡಿಯಲಿ.