ಮಂಚದಡಿಗೆ ಹೋಗುವಷ್ಟು ಪುಟ್ಟ ರೈಲ್ವೆ ಯಾರ್ಡ್ ಕಟ್ಟುವುದು ಹೇಗೆ?

ಪ್ರಶ್ನೆ: ಮಂಗಳೂರಿನಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇವೆ. ಮಾದರಿ ರೈಲಿನ ಆಸೆ ಚಿಕ್ಕಂದಿನಿಂದಲೂ ಇದೆ. ಆದರೆ ಹಳಿ ಸುತ್ತ ಹಾಕಲು ಜಾಗವಿಲ್ಲ, ಆಗಾಗ ಮನೆ ಬದಲಿಸುವುದೂ ಇದೆ. ಬೇಕಾದಾಗ ಮೇಜಿನ ಮೇಲಿಟ್ಟು ಓಡಿಸಿ, ಆಮೇಲೆ ಮಂಚದಡಿಗೆ ತಳ್ಳುವಂಥದ್ದು ಮಾಡಲು ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ. ಮಾದರಿ ರೈಲು ಅಂದ ಕೂಡಲೇ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಗುಂಡಗೆ ಸುತ್ತುವ ರೈಲು. ಜಾಗ ಕಡಿಮೆ ಇದ್ದರೆ ಆ ಸುತ್ತನ್ನು ಕುಗ್ಗಿಸಲು ಹೊರಡಬೇಡಿ, ಪೂರ್ತಿ ಬಿಟ್ಟೇಬಿಡಿ. 1:87 ಪ್ರಮಾಣದ, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲು ಅಳತೆಯ ಎಚ್‌ಒ ಮಾದರಿಯಲ್ಲಿ ಸಾಮಾನ್ಯವಾಗಿ ಸಿಗುವ ಬಿಗಿ ತಿರುವಿನ ತ್ರಿಜ್ಯವೇ ಸುಮಾರು 36 ಸೆಂ.ಮೀ. ಇರುತ್ತದೆ. ಅಂದರೆ ಬೋರ್ಡಿನ ಅಗಲ 80 ಸೆಂ.ಮೀ. ದಾಟಿತು. ಅದನ್ನು ಫ್ಲ್ಯಾಟ್‌ನ ಬಾಗಿಲಲ್ಲಿ ಹೊರಳಿಸಿ ಮೆಟ್ಟಿಲಿಳಿಸುವುದು ಕಷ್ಟ. ಇನ್ನು ನಮ್ಮ ಹಳೆಯ ನೀಲಿ ಐಸಿಎಫ್ (ಚೆನ್ನೈನ ಕಾರ್ಖಾನೆಯ) ಪ್ರಯಾಣಿಕರ ಬೋಗಿ ಈ ಪ್ರಮಾಣದಲ್ಲಿ 25 ಸೆಂ.ಮೀ.ಗಿಂತ ಉದ್ದ. ಅಂಥ ತಿರುವಿನಲ್ಲಿ ಅದರ ನಡು ಒಳಕ್ಕೂ ತುದಿಗಳು ಹೊರಕ್ಕೂ ಚಾಚಿಕೊಂಡು, ನೋಡಲು ಸ್ವಲ್ಪವೂ ಚಂದ ಕಾಣುವುದಿಲ್ಲ. ಸುತ್ತು ಬೇಕೇ ಬೇಕು ಅನ್ನುವವರು 1:160ರ ಎನ್ ಪ್ರಮಾಣಕ್ಕೆ ಹೋಗಲಿ, ಅಲ್ಲಿ 60 ಸೆಂ.ಮೀ. ಅಗಲ ಸಾಕು.

ನನ್ನ ಸಲಹೆ ಶಂಟಿಂಗ್ ಯಾರ್ಡ್, ಅಂದರೆ ಎಂಜಿನ್‌ನಿಂದ ಎಳೆದು ತಳ್ಳಿ ವ್ಯಾಗನ್‌ಗಳನ್ನು ಬೇಕಾದ ಕ್ರಮಕ್ಕೆ ಜೋಡಿಸುವ ಜಾಗ. ಬ್ರಿಟನ್ನಿನ ಆಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್’ ಎಂಬ ವಿನ್ಯಾಸಕ್ಕೆ ಬೇಕಾಗುವುದು ಎರಡೇ ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ). ಒಂದು ಸೈಡಿಂಗ್‌ನಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಹೋಗುವ ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ ನಿಲ್ಲಬೇಕು, ನಾಲ್ಕನೆಯದಕ್ಕೆ ಜಾಗ ಇರಬಾರದು. ಇರುವುದು ಒಟ್ಟು ಎಂಟು ವ್ಯಾಗನ್. ಎಂಟರ ನಂಬರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಐದು ಚೀಟಿ ಎತ್ತಿ. ಚೀಟಿ ಬಂದ ಕ್ರಮದಲ್ಲೇ ಆ ಐದನ್ನು ಉದ್ದ ಸೈಡಿಂಗ್‌ನಲ್ಲಿ ಸಾಲುಗೂಡಿಸಬೇಕು. 6720 ಬೇರೆ ಬೇರೆ ಸಾಲು ಬರಬಹುದು. ಬೇಕಾದ ವ್ಯಾಗನ್ ಯಾವಾಗಲೂ ಇನ್ನೆರಡರ ಹಿಂದೆ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಬಿಡಿಸಲು ಎಳೆದು, ಬಿಟ್ಟು, ಮತ್ತೆ ಬಂದು ಎತ್ತುವಷ್ಟರಲ್ಲಿ ಸಂಜೆ ಕಳೆದುಹೋಗುತ್ತದೆ. ಸುಮ್ಮನೆ ಸುತ್ತುವ ರೈಲನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ನೋಡಲು ಆಗುವುದಿಲ್ಲ, ಇದು ಹಾಗಲ್ಲ.

ಅಳತೆಯನ್ನು ವ್ಯಾಗನ್‌ನಿಂದ ಶುರುಮಾಡಿ, ಮೇಜಿನಿಂದಲ್ಲ. ಮೇಲೆ ತೆರೆದಿರುವ ನಮ್ಮ ಬಾಕ್ಸ್‌ಎನ್ ಸರಕು ವ್ಯಾಗನ್ ನಿಜದಲ್ಲಿ 10.7 ಮೀಟರ್, ಎಚ್‌ಒನಲ್ಲಿ ಸುಮಾರು 12.3 ಸೆಂ.ಮೀ. ಐದಕ್ಕೆ 62 ಸೆಂ.ಮೀ., ಮೂರಕ್ಕೆ 37. ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ 20 ಸೆಂ.ಮೀ. ಹತ್ತಿರ ಬರುತ್ತದೆ. ಪಾಯಿಂಟ್‌ಗೆ 17, ಅದರಾಚೆ ಪಕ್ಕದ ಹಳಿಯ ವ್ಯಾಗನ್‌ಗೆ ತಾಗದಂತೆ 9 ಬಿಡಿ. ಎರಡೂ ತುದಿಯಲ್ಲಿ ಬಿಡುವ ಸ್ವಲ್ಪ ಜಾಗವೂ ಸೇರಿ, ಎಲ್ಲ ಕೂಡಿ 155 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಇದನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದರೆ ಮೊದಲ ಪಾಯಿಂಟ್ ನಡುವೆಯೇ ಗರಗಸ ಹೋಗುತ್ತದೆ. ಹಾಗಾಗಿ ಎಂಜಿನ್ ಹಳಿಯ ಕಡೆಗೆ 60, ಪಾಯಿಂಟ್‌ಗಳಿರುವ ಕಡೆಗೆ 95 ಎಂದು ಎರಡು ಬೋರ್ಡ್ ಮಾಡಿ. ಜೋಡಣೆಯಲ್ಲಿ ಒಂದೇ ಒಂದು ನೇರ ಹಳಿ ದಾಟಿದರೆ ಸಾಕಾಗುತ್ತದೆ. ಅಲ್ಲಿ ಹಳಿಯ ತುದಿಗಳನ್ನು ಹಿತ್ತಾಳೆ ಸ್ಕ್ರೂ ತಲೆಗೆ ಬೆಸುಗೆ ಹಾಕಿ. ಎತ್ತಿ ಇಳಿಸುವಾಗ ತಾಗಿದರೂ ಅಲುಗಾಡುವುದಿಲ್ಲ. ಪಿನ್ ತೆಗೆಯಲು ಬರುವ ಬಾಗಿಲ ಹಿಂಜ್ ಎರಡು ಹಾಕಿದರೆ ಬೋರ್ಡ್‌ಗಳು ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರುತ್ತವೆ.

ಎಚ್‌ಒ ಹಳಿಯ ಅಗಲ 16.5 ಮಿ.ಮೀ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಲೆಕ್ಕಕ್ಕೆ ಅದು 19.3 ಇರಬೇಕಿತ್ತು. ಸಣ್ಣ ಯಾರ್ಡ್‌ಗೆ ಆ ವ್ಯತ್ಯಾಸ ಒಪ್ಪಿಕೊಳ್ಳಿ. ಇಲ್ಲವಾದರೆ ಹಳಿ, ಚಕ್ರ ಎಲ್ಲವನ್ನೂ ಕೈಯಾರೆ ಮಾಡಬೇಕಾಗುತ್ತದೆ.

ನಮ್ಮ ಕರಾವಳಿಯಲ್ಲಿ ನಿಜವಾದ ಪರೀಕ್ಷೆ ಮಳೆಗಾಲ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ತೇವ ಕುಡಿದು ಉಬ್ಬಿದರೆ ಹಳಿ ಸೊಟ್ಟಗಾಗುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈ ಕೇಳಿ ತನ್ನಿ, ಅಂಚಿಗೂ ಅಡಿಗೂ ಬಣ್ಣ ಬಳಿಯಿರಿ. ಉಕ್ಕಿನ ಹಳಿ ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಖಚಿತ, ನಿಕಲ್ ಸಿಲ್ವರ್ (ತಾಮ್ರ, ನಿಕಲ್, ಸತು ಬೆರೆತ ಲೋಹ) ಹಳಿಯೇ ಇರಲಿ. ಹಳಿ ತುಂಡುಗಳನ್ನು ಸೇರಿಸುವ ಜಾಯ್ನರ್ ನಂಬಿ ಕರೆಂಟ್ ಹರಿಸಬೇಡಿ, ಪ್ರತಿ ತುಂಡಿಗೂ ಅಡಿಯಿಂದ ಬೇರೆ ವಯರ್ ಬೆಸುಗೆ ಹಾಕಿ. ಒಣಗಿದ ಪಾಚಿ, ಚಹಾಪುಡಿಯಿಂದ ಹಸಿರು ಮಾಡುವ ಉಪಾಯ ಬೇರೆ ಊರಿಗೆ ಸರಿ. ಇಲ್ಲಿ ಆಟಿ (ತುಳುವಿನ ಮಳೆಗಾಲದ ತಿಂಗಳು) ಮುಗಿಯುವುದರೊಳಗೆ ಬೂಷ್ಟು ಬರುತ್ತದೆ. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆಯಬೇಡಿ, ಕರಗಿಹೋಗುತ್ತದೆ. ನೆಲಕ್ಕೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಪುಡಿಯಷ್ಟು ಚಂದದ ಬಣ್ಣ ಅಂಗಡಿಯಲ್ಲಿ ಸಿಗದು. ಆದರೆ ಜರಡಿ ಹಿಡಿದ ಮೇಲೆ ಅದರ ಮೇಲೆ ಅಯಸ್ಕಾಂತ ಆಡಿಸಿ. ಅಂಟಿ ಬರುವ ಕಬ್ಬಿಣದ ಕಣಗಳು ಎಂಜಿನ್‌ನ ಮೋಟರಿನೊಳಗೆ ಸೇರಿದರೆ ಅದು ಹಾಳಾಗುತ್ತದೆ.

ಯಾವ ಜಾಗ ಮಾಡುವುದು? ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ರೋ-ರೋ ಸೇವೆಗೆ ಲಾರಿಗಳು ಸಾಲಾಗಿ ವ್ಯಾಗನ್ ಹತ್ತುವ ನೋಟ ಬಹಳ ಸೊಗಸು. ಆದರೆ ಅಲ್ಲಿ ಎಲ್ಲವೂ ಒಂದೇ ಬಗೆಯ ಚಪ್ಪಟೆ ವ್ಯಾಗನ್, ಬಿಡಿಸಿ ಜೋಡಿಸುವ ಆಟ ನಡೆಯುವುದಿಲ್ಲ. ನಾನಾದರೆ ಪಣಂಬೂರಿನ ಕಡೆಗೆ ವಾಲುತ್ತೇನೆ. ಬಂದರಿನ ಬಳಿ ಇದೆ ಎಂದುಕೊಳ್ಳಬಹುದಾದ ಕಾಲ್ಪನಿಕ ಸೈಡಿಂಗ್, ಹಂಚಿನ ಮಾಡಿನ ಗೋದಾಮು, ಹಿಂದೆ ಎತ್ತರದ ಮುರಕಲ್ಲಿನ ಗೋಡೆ. ಗೋಡೆ ಇದ್ದರೆ ಬೋರ್ಡಿನ ಅಂಚು ಮುಚ್ಚುತ್ತದೆ, ಹಳಿ ಆಚೆಗೂ ಮುಂದುವರಿದಂತೆ ಕಾಣುತ್ತದೆ. ತೆರೆದ, ಮುಚ್ಚಿದ, ಟ್ಯಾಂಕ್ ವ್ಯಾಗನ್‌ಗಳನ್ನು ಬೆರೆಸಿ ಇಟ್ಟರೆ ಚೀಟಿ ಆಟಕ್ಕೂ ಅರ್ಥ ಬರುತ್ತದೆ.

ಪ್ಲೈ ಕೊಳ್ಳುವ ಮೊದಲು ಹಳೆಯ ಕ್ಯಾಲೆಂಡರ್‌ಗಳ ಹಿಂಬದಿಯಲ್ಲಿ ಹಳಿಯನ್ನು ನಿಜ ಅಳತೆಯಲ್ಲೇ ಬರೆದು, ವ್ಯಾಗನ್ ಅಳತೆಯ ರಟ್ಟಿನ ತುಂಡುಗಳನ್ನು ಜರುಗಿಸುತ್ತಾ ನಾಲ್ಕು ಆಟ ಆಡಿ ನೋಡಿ. ಮಂಚದಡಿಯ ಎತ್ತರವನ್ನೂ ಆಗಲೇ ಅಳೆಯಿರಿ. ಚೌಕಟ್ಟು 7 ಸೆಂ.ಮೀ., ಗೋದಾಮು 10, ಮೇಲೆ ಮುಚ್ಚಳ ಸೇರಿ ಸುಮಾರು 20 ಸೆಂ.ಮೀ. ಬೇಕಾಗುತ್ತದೆ. ಅಷ್ಟು ಇಲ್ಲದಿದ್ದರೆ ಗೋದಾಮನ್ನು ಅಂಟಿಸದೆ, ಎತ್ತಿ ಬೇರೆ ಇಡುವಂತೆ ಮಾಡಿ.