ಖಾತೆ ನಂಬರು ಸಂಖ್ಯೆಯಲ್ಲ, ಅಂಕಿ

ಮತ್ತೆ ಅದೇ ಮಾತು. ಮೊನ್ನೆ ಶಿರಸಿ ಕಡೆಯ ಒಂದು ಸಂಘದಿಂದ ಸದಸ್ಯರ ಪಟ್ಟಿ ಬಂತು, ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯದ ಸಿಎಸ್‌ವಿ ಫೈಲು. ಜೊತೆಗೆ ಒಂದು ಸಾಲು: "ನಂಬರ್ ಫಾರ್ಮ್ಯಾಟ್ ಹೋಗಿದೆ, ಸ್ವಲ್ಪ ಸರಿ ಮಾಡಿ ಕೊಡಿ." ತೆಗೆದು ನೋಡಿದರೆ 14 ಅಂಕಿಯ ಖಾತೆ ನಂಬರುಗಳ ಜಾಗದಲ್ಲೆಲ್ಲ 1.20345E+13. ಮೇಲಿಂದ ಕೆಳಗಿನವರೆಗೆ ಎಲ್ಲರದ್ದೂ ಅದೇ. ಎಕ್ಸೆಲ್ ಮಾಡಿದ ಕೆಲಸ ಇದು. ಇಲ್ಲಿ ಫಾರ್ಮ್ಯಾಟ್, ಅಂದರೆ ತೋರಿಸುವ ರೀತಿ, ಹೋಗಿಲ್ಲ, ಖಾತೆ ನಂಬರೇ ಹೋಗಿದೆ. ಈ ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ನಾವು ಎಲ್ಲದಕ್ಕೂ 'ಸಂಖ್ಯೆ' ಅಂತ ಬರೆದು ಬರೆದು ಈ ಗೊಂದಲ ಬಂದಿದೆ. ಖಾತೆ ಸಂಖ್ಯೆ, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ. ಸಂಖ್ಯೆ ಅನ್ನುವುದು ಸಂಸ್ಕೃತದ 'ಖ್ಯಾ' ಧಾತುವಿನಿಂದ ಬಂದದ್ದು. ಖ್ಯಾ ಅಂದರೆ ಹೇಳು, ತಿಳಿಸು, ಖ್ಯಾತಿಯೂ ಅಲ್ಲಿಂದಲೇ. ಅದಕ್ಕೆ 'ಸಂ' ಸೇರಿದರೆ ಒಟ್ಟು ಸೇರಿಸಿ ಹೇಳು, ಅಂದರೆ ಎಣಿಸು. ಎಣಿಸಿ ಬಂದದ್ದು ಸಂಖ್ಯೆ. ತೋಟದಲ್ಲಿ 640 ಅಡಿಕೆ ಮರ ಇದೆ ಅಂದರೆ ಅದು ಸಂಖ್ಯೆ.

ಅಂಕಿಯ ದಾರಿಯೇ ಬೇರೆ. 'ಅಂಕ' ಅಂದರೆ ಗುರುತು. ದಾಸರು ಪದದ ಕೊನೆಯಲ್ಲಿ ಇಡುವುದು ಅಂಕಿತ, ಪುರಂದರವಿಠಲ ಅಂತ ಬಂದ ಕೂಡಲೇ ಯಾರ ಪದ ಅಂತ ಗೊತ್ತಾಗುತ್ತದೆ. ಮಸೂದೆಗೆ ರಾಜ್ಯಪಾಲರು ಹಾಕುವುದೂ ಅಂಕಿತ. ಅಲ್ಲಿ ಎಣಿಕೆಯ ಮಾತೇ ಇಲ್ಲ, ಇದು ಯಾರದ್ದು ಅನ್ನುವ ಗುರುತು ಮಾತ್ರ. ಖಾತೆ ನಂಬರೂ ಹಾಗೇ ಒಂದು ಗುರುತು, ಅಂಕಿಗಳಲ್ಲಿ ಬರೆದದ್ದು, ಅಷ್ಟೆ.

ಅನುಮಾನ ಇದ್ದರೆ ಕೂಡಿಸಿ, ಕಳೆದು ನೋಡಿ. ಶಿರಸಿಯ ಪಿನ್ ಕೋಡ್ 581401, ಕಾರವಾರದ್ದು 581301. ಕಳೆದರೆ ನೂರು. ಆ ನೂರು ಏನು? ಕಿಲೋಮೀಟರೂ ಅಲ್ಲ, ರೂಪಾಯಿಯೂ ಅಲ್ಲ. ಲೆಕ್ಕ ಹಾಕಿದರೆ ಅರ್ಥ ಬರದೇ ಇದ್ದದ್ದು ಸಂಖ್ಯೆಯಲ್ಲ. ಶಿರಸಿಯ ಎಸ್‌ಟಿಡಿ ಕೋಡ್ 08384 ತೆಗೆದುಕೊಳ್ಳಿ. ಸಂಖ್ಯೆ ಅಂತ ಹಿಡಿದರೆ ಮುಂದಿನ ಸೊನ್ನೆಗೆ ಬೆಲೆಯಿಲ್ಲ, 8384 ಅಂದರೂ ಅದೇ. ಆದರೆ ಆ ಸೊನ್ನೆ ಇದ್ದರೇ ಕರೆ ಊರಿನಾಚೆ ಹೋಗುವುದು.

ಎಕ್ಸೆಲ್ ಮಾಡುವುದೂ ಇದೇ ತಪ್ಪು. ಸಿಎಸ್‌ವಿ ಒಳಗೆ ಇರುವುದು ಬರೀ ಅಕ್ಷರ ಮತ್ತು ಅಲ್ಪವಿರಾಮ. ಯಾವ ಕಾಲಂ ಸಂಖ್ಯೆ, ಯಾವುದು ಗುರುತು ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದ ಕೂಡಲೇ ಎಕ್ಸೆಲ್ ತಾನೇ ಊಹೆ ಮಾಡುತ್ತದೆ: ಅಂಕಿ ಕಂಡರೆ ಸಂಖ್ಯೆ. ಮುಂದಿನ ಸೊನ್ನೆ ಹೋಯಿತು. 12 ಅಂಕಿ ಮತ್ತು ಅದಕ್ಕಿಂತ ಉದ್ದ ಇದ್ದರೆ E ಹಾಕಿ ಚಿಕ್ಕದು ಮಾಡಿ ತೋರಿಸಿತು (E+13 ಅಂದರೆ ದಶಮಾಂಶ ಬಿಂದುವನ್ನು 13 ಸ್ಥಾನ ಬಲಕ್ಕೆ ಸರಿಸು ಅಂತ). 15 ಅಂಕಿ ದಾಟಿದರೆ ಆಮೇಲಿನವೆಲ್ಲ ಸೊನ್ನೆ, ಅಂದರೆ ಆಧಾರ್ ನಂಬರಿನ ಬದಲು ಕೊಡುವ 16 ಅಂಕಿಯ ವರ್ಚುವಲ್ ಐಡಿಯ ಕೊನೆಯ ಅಂಕಿ ಒಳಗೇ ಸೊನ್ನೆಯಾಗಿ ಕೂರುತ್ತದೆ. ಫೈಲಿನಲ್ಲಿ ಉದ್ಧರಣ ಚಿಹ್ನೆ ಹಾಕಿದ್ದೇನಲ್ಲ ಅನ್ನುತ್ತಾರೆ ಕೆಲವರು. "08384" ಅಂತ ಹಾಕಿದರೂ ಅಷ್ಟೆ, ಎಕ್ಸೆಲ್ ಅದನ್ನೂ ಸಂಖ್ಯೆಯಾಗಿಯೇ ಓದುತ್ತದೆ.

14 ಅಂಕಿಯ ಖಾತೆ ನಂಬರು E ಹಾಕಿಕೊಂಡು ಕಂಡರೂ ಒಳಗೆ ಪೂರ್ತಿ ಇರುತ್ತದೆ. ಅಲ್ಲಿಯವರೆಗೆ ನಿಜವಾಗಿಯೂ ಅದು ಫಾರ್ಮ್ಯಾಟಿನ ವಿಷಯ, ಅಂದರೆ ತೋರಿಕೆಯದು. ಆದರೆ ಆ ಸ್ಥಿತಿಯಲ್ಲಿ ಸುಮ್ನೆ ಒಂದು ಸಲ ಸೇವ್ ಒತ್ತಿದರೆ ಸಿಎಸ್‌ವಿಗೆ ಬರೆಯುವುದು ಪರದೆಯ ಮೇಲಿನ 1.20345E+13 ಅನ್ನೇ. ಆಮೇಲೆ ತೆರೆದರೆ 12034500000000. ಒಂದೇ ಶಾಖೆಯ ಖಾತೆಗಳ ಮೊದಲ ಅಂಕಿಗಳು ಒಂದೇ ಇದ್ದರೆ ಇಡೀ ಪಟ್ಟಿಗೆ ಒಂದೇ ನಂಬರು. ಆ ಸಂಘದ ಫೈಲಿಗೆ ಆದದ್ದು ಇದೇ. ಇನ್ನು ಫಾರ್ಮ್ಯಾಟ್ ಬದಲಿಸಿ ಏನೂ ಸಿಗುವುದಿಲ್ಲ, ಮೂಲ ಫೈಲನ್ನೇ ಕೇಳಿ ತರಿಸಬೇಕು.

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಜಾಸ್ತಿ ಕಾಟ ಕೊಡುವುದು ಸರ್ವೆ ನಂಬರು. ಪಹಣಿಯಲ್ಲಿ 12/3 ಅಂದರೆ 12ನೇ ಸರ್ವೆ ನಂಬರಿನ 3ನೇ ಹಿಸ್ಸಾ. ಹಿಸ್ಸಾ ಅಂದರೆ ಪಾಲು, ಅಣ್ಣತಮ್ಮಂದಿರು ಹಿಸೆ ಆದರು ಅನ್ನುತ್ತೇವಲ್ಲ, ಅದೇ ಪದ. ಆ ಅಡ್ಡಗೆರೆ ಭಾಗಾಕಾರವೂ ಅಲ್ಲ, ತಾರೀಖೂ ಅಲ್ಲ. ಎಕ್ಸೆಲ್ಲಿಗೆ ಮಾತ್ರ ಅದು ಮಾರ್ಚ್ 12. ಕಂಪ್ಯೂಟರಿನಲ್ಲಿ ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಪಕ್ಕದ 12/3ಅ ಹಾಗೇ ಉಳಿಯುತ್ತದೆ, ಅಕ್ಷರ ಇದೆಯಲ್ಲ, ಹಾಗಾಗಿ ಒಂದೇ ಕಾಲಂನಲ್ಲಿ ಅರ್ಧ ಸರ್ವೆ ನಂಬರು, ಅರ್ಧ ತಾರೀಖು. ಗಾಬರಿಯಾಗಿ ಫಾರ್ಮ್ಯಾಟನ್ನು ಟೆಕ್ಸ್ಟ್ ಅಂತ ಬದಲಿಸಿದರೆ ಇನ್ನೂ ಕೆಟ್ಟದ್ದು. ಎಕ್ಸೆಲ್ ತಾರೀಖನ್ನು 1900ರಿಂದ ಎಣಿಸಿದ ದಿನಗಳಾಗಿ ಇಟ್ಟುಕೊಳ್ಳುತ್ತದೆ. 2025ರಲ್ಲಿ ತೆರೆದ ಫೈಲಾದರೆ 12/3 ಇದ್ದಲ್ಲಿ 45728 ಬಂದು ಕೂರುತ್ತದೆ.

ಹಾಗಾಗಿ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಹಾಳೆ ತೆಗೆದು ಡೇಟಾ ಟ್ಯಾಬಿನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಆರಿಸಿ, ಅಲ್ಲಿ ಡೇಟಾ ಟೈಪ್ ಪತ್ತೆ ಮಾಡಬೇಡ ಅನ್ನುವ ಆಯ್ಕೆ ಇದೆ, ಅದನ್ನು ಕೊಡಿ. ಲಿಬ್ರೆ ಆಫೀಸ್ ಕ್ಯಾಲ್ಕ್ ತೆರೆಯುವಾಗಲೇ ಕೇಳುತ್ತದೆ, ಆ ಕಾಲಂ ಮೇಲೆ ಒತ್ತಿ ಟೆಕ್ಸ್ಟ್ ಅನ್ನಿ. ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್ ಮಾಡುವಾಗ, ಟೆಕ್ಸ್ಟನ್ನು ಸಂಖ್ಯೆ ಮತ್ತು ತಾರೀಖಾಗಿ ಬದಲಿಸು ಅನ್ನುವುದರ ಟಿಕ್ ತೆಗೆಯಿರಿ. 2023ರಿಂದ ಈಚಿನ ಎಕ್ಸೆಲ್‌ನಲ್ಲಿ ಸೊನ್ನೆ ತೆಗೆಯುವುದನ್ನೂ E ಹಾಕುವುದನ್ನೂ ಆಪ್ಷನ್ಸ್ ಒಳಗಿನ ಡೇಟಾ ವಿಭಾಗದಲ್ಲಿ ನಿಲ್ಲಿಸಬಹುದು, ಆದರೆ ಹಿಸ್ಸಾ ನಂಬರಿಗೆ ಅದನ್ನು ನಂಬಿ ಕೂರಬೇಡಿ. ಕೈಯಲ್ಲೇ ಟೈಪ್ ಮಾಡುವುದಾದರೆ 12/3ಕ್ಕಿಂತ ಮೊದಲು, ಎಡಕ್ಕೆ, ಒಂಟಿ ಉದ್ಧರಣ ಚಿಹ್ನೆ (') ಹಾಕಿದರೆ ಸಾಕು.