ನಿವೃತ್ತ ಆಟಗಾರನ ಜನಪ್ರಿಯತೆ ಅಳೆಯುವಾಗ ಎಡವುವ ಜಾಗಗಳು

ಜಪಾನಿನ ಫುಟ್‌ಬಾಲ್ ಆಟಗಾರ ಹಿದೆತೋಶಿ ನಕಾಟಾ ನಿವೃತ್ತರಾದದ್ದು 2006ರಲ್ಲಿ, 29ನೇ ವಯಸ್ಸಿಗೆ. ಇಂದಿಗೂ ಜನ ಅವರನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಆ ಹುಡುಕಾಟವನ್ನು ಲೆಕ್ಕಕ್ಕೆ ತರಹೊರಟರೆ ಮೊದಲು ಕೈಕೊಡುವುದು ಹೆಸರೇ.

ಬರೀ ‘ನಕಾಟಾ’ ಎಂದು ಹಾಕಿದರೆ ಮೂವರು ಕಲಸಿಕೊಳ್ಳುತ್ತಾರೆ: ಇವರು, 2002 ಮತ್ತು 2006ರ ವಿಶ್ವಕಪ್ ತಂಡಗಳಲ್ಲಿ ಇವರ ಜೊತೆಗಿದ್ದ ಕೋಜಿ ನಕಾಟಾ, ಯೂಟ್ಯೂಬಿನಲ್ಲಿ ಪಾಠ ಹೇಳುವ ಹಾಸ್ಯ ಕಲಾವಿದ ಅತ್ಸುಹಿಕೋ ನಕಾಟಾ. ಜಪಾನಿ ಲಿಪಿಯಲ್ಲೂ ಮೂವರ ಮನೆತನದ ಹೆಸರು ಒಂದೇ. ಹಾಗಾಗಿ ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಪದ ಟೈಪ್ ಮಾಡಿ ಬಿಡಬಾರದು. ಕೆಳಗೆ ಇಳಿಯುವ ಪಟ್ಟಿಯಲ್ಲಿ ‘ಫುಟ್‌ಬಾಲ್ ಆಟಗಾರ’ ಎಂದು ಗುರುತಿಸಿದ ವಿಷಯವನ್ನೇ ಆರಿಸಬೇಕು. ಜಪಾನ್ ಮತ್ತು ಅವರು ಆಡಿದ ಇಟಲಿಯನ್ನು ಬೇರೆಬೇರೆಯಾಗಿ ನೋಡಬೇಕು.

ಅಲ್ಲಿ ಕಾಣುವ 0ರಿಂದ 100ರ ಅಂಕಿ ಜನರ ಸಂಖ್ಯೆಯಲ್ಲ. ಆರಿಸಿದ ಅವಧಿಯ ಅತಿ ಎತ್ತರದ ಬಿಂದುವಿಗೆ 100 ಕೊಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿರುತ್ತಾರೆ, ಅಷ್ಟೆ. ಇನ್ನೊಂದು ಮಿತಿ, ಈ ದತ್ತಾಂಶ ಶುರುವಾಗುವುದೇ 2004ರಿಂದ. 1998ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕ್ಲಬ್ ಪೆರುಜಾ ಪರ ಮೊದಲ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಹೊಡೆದ ಎರಡು ಗೋಲುಗಳಾಗಲಿ, 2001ರಲ್ಲಿ ಅವರಿದ್ದ ರೋಮಾ ಕ್ಲಬ್ ಗೆದ್ದ ಲೀಗ್ ಪಟ್ಟವಾಗಲಿ ಗ್ರಾಫ್‌ನೊಳಗೆ ಬರುವುದೇ ಇಲ್ಲ. ಹೀಗಿದ್ದೂ ‘2006ರ ನಂತರ ಕುಸಿತ’ ಎಂದು ಬರೆದುಬಿಡುವುದು ಅವಸರದ ಕೆಲಸ. ವಿಕಿಪೀಡಿಯ ಪುಟವೀಕ್ಷಣೆಯ ಲೆಕ್ಕ ಇನ್ನೂ ಈಚಿನದು, 2015ರ ಜುಲೈನಿಂದ. ತಾವಾಗಿಯೇ ಪುಟ ತೆರೆಯುವ ತಂತ್ರಾಂಶಗಳನ್ನು, ಅಂದರೆ ಬಾಟ್‌ಗಳನ್ನು ಅದರಿಂದ ಸೋಸಿ ತೆಗೆಯಿರಿ. ಸಾಮಾನ್ಯ ಮಟ್ಟ ತಿಳಿಯಲು ವಿಶ್ವಕಪ್ ಇಲ್ಲದ ವರ್ಷವನ್ನು ಹಿಡಿಯಿರಿ. 2022ರ ಟೂರ್ನಿ ನಡೆದದ್ದು ನವೆಂಬರ್-ಡಿಸೆಂಬರ್‌ನಲ್ಲಿ, ಜೂನ್-ಜುಲೈ ಮಾತ್ರ ಬಿಟ್ಟರೆ ಆ ಉಬ್ಬರ ಒಳಗೇ ಉಳಿಯುತ್ತದೆ.

ಮತ್ತೆ ಮತ್ತೆ ಹಂಚಿಕೆಯಾಗುವ ತುಣುಕು 2001ರ ಮೇ 6ರ ಯುವೆಂಟಸ್-ರೋಮಾ ಪಂದ್ಯದ್ದು. ಯುರೋಪ್ ಒಕ್ಕೂಟದ ಹೊರಗಿನ ಆಟಗಾರರಿಗಿದ್ದ ಮಿತಿ ಆ ಪಂದ್ಯಕ್ಕೆ ಕೆಲವೇ ದಿನ ಮುಂಚೆ ಸಡಿಲವಾಗಿತ್ತು, ಅದರಿಂದಲೇ ನಕಾಟಾಗೆ ಅವಕಾಶ ಸಿಕ್ಕಿತು. ರೋಮಾ 0-2ರಿಂದ ಹಿಂದಿದ್ದಾಗ ನಾಯಕ ಟೊಟ್ಟಿ ಬದಲಿಗೆ ಇಳಿದ ನಕಾಟಾ 79ನೇ ನಿಮಿಷದಲ್ಲಿ ದೂರದಿಂದ ಗೋಲು ಹೊಡೆದರು. ಕೊನೆಯಲ್ಲಿ ಅವರ ಇನ್ನೊಂದು ಹೊಡೆತವನ್ನು ಗೋಲ್‌ಕೀಪರ್ ತಡೆದಾಗ ಚಿಮ್ಮಿದ ಚೆಂಡನ್ನು ರೋಮಾದ ಮೊಂಟೆಲ್ಲಾ ಒಳತಳ್ಳಿ 2-2 ಮಾಡಿದರು. ಭಾಷೆ ಬೇಡದ, ಕೆಲವೇ ಸೆಕೆಂಡಿನ ದೃಶ್ಯ. ಕಿರುವಿಡಿಯೊಗೆ ಹೇಳಿ ಮಾಡಿಸಿದ್ದು. ಆದರೆ ಹಕ್ಕುದಾರರು ದೂರಿದಾಗ ಅದು ಅಳಿಯುತ್ತದೆ, ಬೇರೆ ಖಾತೆಯಲ್ಲಿ ಮರಳುತ್ತದೆ. ಸಿಕ್ಕ ಪ್ರತಿಗಳ ವೀಕ್ಷಣೆ ಕೂಡಿದರೆ ಅಳಿದವು ಬಿಟ್ಟುಹೋಗುತ್ತವೆ, ಒಬ್ಬನೇ ನೋಡುಗ ಹಲವು ಸಲ ಲೆಕ್ಕವಾಗುತ್ತಾನೆ.

ಫಿಫಾ (2023ರಿಂದ ‘ಇಎ ಸ್ಪೋರ್ಟ್ಸ್ ಎಫ್‌ಸಿ’) ವಿಡಿಯೊಗೇಮ್ ಸರಣಿಯಲ್ಲಿ ಹಳೆಯ ದಿಗ್ಗಜರಿಗೆ ಕೊಡುವ ‘ಐಕಾನ್’ ಕಾರ್ಡ್ ಇನ್ನೊಂದು ಬಾಗಿಲು. ನಕಾಟಾ ಆಡಿದ್ದನ್ನು ಕಾಣದ ಹುಡುಗರಿಗೂ ಇದರಿಂದ ಅವರ ಹೆಸರು ಗೊತ್ತು. ಹುಡುಕಾಟದ ಜೊತೆ ಕಾರ್ಡಿನ ಬೆಲೆ, ರೇಟಿಂಗ್ ಬಂದಿದ್ದರೆ ಅದನ್ನು ಬೇರೆ ಕಂಬಸಾಲಿಗೆ ಹಾಕಿ.

ನನ್ನ ಪ್ರಕಾರ ಈ ಜನಪ್ರಿಯತೆಯ ನಿಜವಾದ ಬುನಾದಿ ಅವರದೇ ಜಾಲತಾಣ. ಪತ್ರಿಕೆಗಳ ಜೊತೆ ಮುನಿಸಿದ್ದ ಅವರು ಅಭಿಮಾನಿಗಳಿಗೆ ನೇರವಾಗಿ ಬರೆಯುತ್ತಿದ್ದರು. 2006ರ ಜುಲೈ 3ರಂದು ನಿವೃತ್ತಿಯನ್ನು ತಿಳಿಸಿದ್ದೂ ಅಲ್ಲೇ. ಆಟ ನಿಲ್ಲಿಸುವ ಮೊದಲೇ ಓದುಗರು ಜೊತೆಗಿದ್ದರು. ಆಮೇಲೆ 2009ರಿಂದ ಜಪಾನಿನ 47 ಪ್ರಾಂತ್ಯ ಸುತ್ತಿ, ಅಕ್ಕಿಯ ಮದ್ಯ ಸಾಕೆಯ ಉದ್ಯಮಕ್ಕಿಳಿದಾಗ ಹೇಳಿಕೊಳ್ಳಲು ಹೊಸ ವಿಷಯವೂ ಸಿಕ್ಕಿತು. ಸಾಕೆಗಾಗಿ ಬರುವವನು ಗೋಲು ನೋಡಲು ಬಂದವನಲ್ಲ. ಸಾಕೆ ಕಾರ್ಯಕ್ರಮದ ವಾರದಲ್ಲಿ ಗೆರೆ ಮೇಲೇರಿದರೆ ಅದನ್ನು ಫುಟ್‌ಬಾಲ್ ಖಾತೆಗೆ ಜಮಾ ಮಾಡಬೇಡಿ.